ವರಾಂಡದ ಊರು

ಒಂದು ಊರಿನಲ್ಲಿ ಏಳೆಂಟು ವರ್ಷ ಇದ್ದೂ ಆ ಊರಿನ ಕೆರೆಯ ಮುಖ ನೋಡದವರು ಇರುತ್ತಾರೆಯೇ ಎಂದು ಕೇಳಿದರೆ, ಇರುತ್ತಾರೆ. ವರಾಂಡದಕ್ಕನೇ ಇದ್ದಳು. ತಮಾಷೆಯ ಸಂಗತಿ ಎಂದರೆ, ಆ ಊರಿನ ಹೆಂಗಸರಲ್ಲಿ ಅರ್ಧಕ್ಕರ್ಧ ಮಂದಿಯನ್ನು ಅದೇ ಕೆರೆಗೂ ಗುಡ್ಡಕ್ಕೂ ಗಡಿಯಾರದ ಗೋಪುರಕ್ಕೂ ಕೈಹಿಡಿದು ಕರೆದೊಯ್ದವಳು ಕೂಡ ಅವಳೇ. ಇದೆಂಥ ಒಗಟು ಎನ್ನಬೇಡಿ, ಹೇಳುತ್ತೇನೆ.

ಅವಳು ಊರಿನ ಸಣ್ಣ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸು. ನೋವು ಶುರುವಾದ ಹೊಸದರಲ್ಲಿ ಹೆಂಗಸು ಮಲಗಿಬಿಡಬಾರದು, ಆದಷ್ಟು ನಡೆದಾಡಬೇಕು. ಬೇರೆ ನರ್ಸುಗಳು ನಡೀಮ್ಮ ಎಂದು ಹೇಳಿ ತಮ್ಮ ಕೆಲಸಕ್ಕೆ ಹೊರಟುಬಿಡುತ್ತಿದ್ದರು. ಇವಳು ಬಂದ ಹೊಸದರಲ್ಲಿ ಚೊಚ್ಚಲ ಬಸುರಿಯೊಬ್ಬಳು ವರಾಂಡದ ನಡುವೆ ನಿಂತು, ಎಲ್ಲಿಗೆ ಅಂತ ನಡೀಲಿ, ಈ ಗೋಡೆಯಿಂದ ಆ ಗೋಡೆಗಾ ಎಂದು ಅತ್ತಳು. ಮಾತಿನಲ್ಲಿ ನ್ಯಾಯವಿತ್ತು. ಇವಳು ಅವಳ ಮೊಣಕೈಗೆ ಕೈ ಕೊಟ್ಟು, ಬಾ, ಕೆರೆ ನೋಡ್ಕೊಂಡು ಬರೋಣ ಎಂದಳು.

ಅಂದಿನಿಂದ ಅದೇ ಪದ್ಧತಿಯಾಗಿ ಹೋಯಿತು. ವಾರ್ಡಿನ ಬಾಗಿಲಿನ ಮೇಲಿನ ಗೋಡೆಗಡಿಯಾರ ಊರಿನ ಗಡಿಯಾರದ ಗೋಪುರವಾಯಿತು. ಕುಡಿಯುವ ನೀರಿನ ಡ್ರಮ್ಮು ಕೆರೆಯಾಯಿತು. ಮೇಲಿನ ಮಹಡಿಗೆ ಸ್ಟ್ರೆಚರು ತಳ್ಳುವ ಇಳಿಜಾರು ಗುಡ್ಡವಾಯಿತು, ವರಾಂಡದ ತುದಿಯ ಪಡುವಣ ಕಿಟಕಿ ಸೂರ್ಯ ಮುಳುಗುವುದನ್ನು ನೋಡುವ ಜಾಗವಾಯಿತು. ನೋವು ಬಂದಾಗ, ಮೆಟ್ಟಿಲು ಬಂತು, ಕಂಬಿ ಹಿಡ್ಕೋ, ಬಾಯಲ್ಲಿ ಉಸಿರು ಬಿಡು ಎನ್ನುವಳು. ನೋವು ಇಳಿದಾಗ, ಹತ್ತಿಯಾಯ್ತು, ಇನ್ನು ಗಾಳಿ ತಗೋ ಎಂದು ಸೊಂಟ ನೀವುವಳು. ಹೀಗೆ ಅಲ್ಲಿ ಹೆತ್ತ ಹೆಂಗಸರ ಬಾಯಿಂದಲೇ ಅವಳಿಗೆ ವರಾಂಡದಕ್ಕ ಎಂಬ ಹೆಸರು ಬಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು.

ಆದರೆ ನಿಜವಾದ ಕೆರೆ, ನಿಜವಾದ ಗುಡ್ಡ? ಅದೆಲ್ಲ ಯಾರೋ ಬಾಣಂತಿ, ಯಾರೋ ಬಾಣಂತಿಯ ತಾಯಿ ಹೇಳಿದ ಮಾತು. ಒಂದು ರಜೆ ಸಿಕ್ಕಿದರೆ ಸಾಕು, ವರಾಂಡದಕ್ಕ ಚೀಲ ಹೆಗಲಿಗೇರಿಸಿ ಬಸ್ಸು ಹತ್ತುತ್ತಿದ್ದಳು. ಗಂಡ ದೂರದ ದೊಡ್ಡ ಊರಿನ ಕಾರ್ಖಾನೆಯಲ್ಲಿ ಫಿಟ್ಟರು. ಮಗಳು ಪುಟ್ಟಿ ಅಲ್ಲಿ ಅಜ್ಜಿಯ ಕೈಯಲ್ಲಿ ಬೆಳೆಯುತ್ತಿದ್ದಳು. ಊರಿನವರ ಮಕ್ಕಳನ್ನೆಲ್ಲ ಮೊದಲು ಎತ್ತಿಕೊಳ್ಳುವ ಕೈಗೆ ತನ್ನ ಮಗಳು ತಿಂಗಳಿಗೊಮ್ಮೆ ಸಿಕ್ಕರೆ ಹೆಚ್ಚು.

ಪುಟ್ಟಿ ತಾಯಿಯನ್ನು ಕಂಡೊಡನೆ ಓಡಿಬಂದು ತಬ್ಬಿಕೊಳ್ಳುತ್ತಿದ್ದಳು, ಇಲ್ಲ ಎನ್ನುವಂತಿಲ್ಲ. ಆದರೆ ತಬ್ಬಿಕೊಂಡೇ ಕೇಳುತ್ತಿದ್ದ ಮೊದಲ ಮಾತು ಒಂದೇ: “ಅಮ್ಮ, ಎಷ್ಟು ದಿನ ಇರ್ತೀಯ?”

ಎರಡು ದಿನ ಎಂದರೆ ಹುಡುಗಿ ಒಂದು ಕ್ಷಣ ಲೆಕ್ಕ ಹಾಕಿ, ಹಾಗಾದ್ರೆ ಬೇಗ ಹೊರಡು, ನಿನಗೆ ಪಾರ್ಕು ತೋರಿಸ್ಬೇಕು, ಹೊಸ ಸೇತುವೆ ತೋರಿಸ್ಬೇಕು, ಮೀನಿನ ತೊಟ್ಟಿ ತೋರಿಸ್ಬೇಕು ಎಂದು ಕೈಹಿಡಿದು ಎಳೆಯುವಳು. ಕಳೆದ ಸಲ ಅಂತೂ ಪಾರ್ಕಿನ ಗೇಟಿನಲ್ಲಿ ನಿಂತು, ಇದು ನಮ್ಮ ಊರಿನ ಪಾರ್ಕು, ಎಲ್ಲ ನೆಂಟರೂ ಇದನ್ನ ನೋಡೇ ಹೋಗ್ತಾರೆ ಎಂದಿತು ಆ ಮಗು. ವರಾಂಡದಕ್ಕನ ಎದೆ ಚುರುಕ್ ಎಂದಿತು. ಹೆತ್ತ ಮಗಳಿಗೆ ತಾನು ನೆಂಟಳು ಎಂಬುದನ್ನು ನುಂಗಿಕೊಂಡೇ ಅವಳು ಮೀನು ನೋಡಿದಳು.

ದೇವರು ಒಂದು ಬಾಗಿಲು ತೆರೆದ. ಗಂಡನ ಊರಿನ ದೊಡ್ಡಾಸ್ಪತ್ರೆಯಲ್ಲಿ, ಹೆರಿಗೆ ವಾರ್ಡಿನಲ್ಲೇ ಇದ್ದ ನರ್ಸೊಬ್ಬಳು ಸಣ್ಣ ಊರಿಗೆ ಹೋಗಲು ಸಿದ್ಧಳಾಗಿದ್ದಾಳೆ ಎಂದು ಗಂಡ ಪತ್ತೆ ಮಾಡಿದ. ಇಬ್ಬರು ನರ್ಸುಗಳು ಪರಸ್ಪರ ಒಪ್ಪಿ ರುಜು ಹಾಕಿದರೆ ಇವರ ಜಾಗಕ್ಕೆ ಅವರನ್ನು, ಅವರ ಜಾಗಕ್ಕೆ ಇವರನ್ನು ಬದಲಾಯಿಸಿ ಕೊಡುತ್ತಾರೆ. ಆದರೆ ಆಕೆ ಗಟ್ಟಿ ಹೆಂಗಸು. ಒಂದು ಸಲ ಕಣ್ಣುಮುಚ್ಚಿ ವರ್ಗಕ್ಕೆ ಒಪ್ಪಿ ಮೋಸ ಹೋಗಿದ್ದೇನೆ, ಊರು ನೋಡದೆ ರುಜು ಹಾಕುವವಳಲ್ಲ ಎಂದಳಂತೆ. ಬರುವ ಭಾನುವಾರ ಬರುವುದು, ಊರು ಸುತ್ತಿ ನೋಡುವುದು, ಮನಸ್ಸು ಬಂದರೆ ಸಂಜೆಯ ಬಸ್ಸಿಗೆ ಮುಂಚೆ ರುಜು ಹಾಕುವುದು ಎಂದು ಮಾತಾಯಿತು.

ಊರು ತೋರಿಸಬೇಕಾದವಳು ವರಾಂಡದಕ್ಕ. ಕಣ್ಣಾರೆ ಕಂಡದ್ದು ಬಸ್ ನಿಲ್ದಾಣ, ಆಸ್ಪತ್ರೆ, ತನ್ನ ಬಾಡಿಗೆ ಕೋಣೆ, ಇಷ್ಟೇ. ಆದರೇನು, ಬಾಯಿಪಾಠ ಬರುತ್ತಿತ್ತಲ್ಲ.

ಇಲ್ಲೊಂದು ತಪ್ಪು ಮಾಡಿದಳು. ಈ ಸಂಗತಿಯನ್ನು ಮನೆಯೊಡತಿ ಅಜ್ಜಿಗೆ ಹೇಳಿದಳು. ಯಾರಿಗೂ ಹೇಳಬೇಡಿ ಎಂದೂ ಹೇಳಿದಳು. ಆ ಅಜ್ಜಿಗೆ ಯಾರಿಗೂ ಹೇಳಬೇಡಿ ಎನ್ನುವುದೂ ಒಂದೇ, ಡಂಗುರ ಸಾರಿ ಎನ್ನುವುದೂ ಒಂದೇ. ಶನಿವಾರದ ಹೊತ್ತಿಗೆ ವರಾಂಡದಕ್ಕ ಊರು ಬಿಡುತ್ತಾಳೆ ಎಂಬ ಸುದ್ದಿ ಹಾಲಿನವನಿಂದ ಹಿಡಿದು ದೋಣಿಯವನವರೆಗೆ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವಳು ಒಬ್ಬಳೇ, ಅದು ಎಲ್ಲರಿಗೂ ಗೊತ್ತಿದೆ ಎಂದು ತಿಳಿಯದ ವರಾಂಡದಕ್ಕ.

ಭಾನುವಾರ ಬೆಳಿಗ್ಗೆ ದೊಡ್ಡಾಸ್ಪತ್ರೆಯಾಕೆ ಬಸ್ಸಿಳಿದಳು. ವರಾಂಡದಕ್ಕನಿಗಿಂತ ಹತ್ತು ವರ್ಷ ದೊಡ್ಡವಳಿರಬಹುದು. ಎತ್ತರದ ಆಳು, ಕಿವಿಯ ಹತ್ತಿರ ನರೆ, ನೋಡುವ ನೋಟ ಥರ್ಮಾಮೀಟರಿನ ಗೆರೆ ಓದುವಂಥದ್ದು. ಮೊದಲು ಆಸ್ಪತ್ರೆ ನೋಡೋಣವೇ ಎಂದರೆ, ಆಸ್ಪತ್ರೆ ಎಲ್ಲಿದ್ದರೂ ಆಸ್ಪತ್ರೆಯೇ, ಅದನ್ನು ಕೊನೆಗೆ ನೋಡೋಣ, ಮೊದಲು ಊರು ಎಂದಳು.

ಕೋಣೆಗೆ ಕರೆತಂದು ಕೂರಿಸಿದ್ದೇ ತಡ, ಅಜ್ಜಿ ತಾನೇ ಟೀ ಹಿಡಿದು ಬಂದಳು. ಬಂದವಳು ಕುಶಲ ಕೇಳಿ ಹೋಗಬಾರದೇ? ನೆಲದ ಮೇಲೆ ಕಾಲು ಚಾಚಿ ಕೂತು, ಮಳೆ ಬಂದರೆ ಈ ಕೋಣೆಯಲ್ಲಿ ಮೂರು ಕಡೆ ಪಾತ್ರೆ ಇಡಬೇಕೆಂದೂ, ಇಲಿಗಳು ಹಗಲು ಹೊತ್ತಿನಲ್ಲೇ ಓಡಾಡುತ್ತವೆಂದೂ, ತಾನು ಮುದುಕಿಯಾದ್ದರಿಂದ ವಿಧಿಯಿಲ್ಲದೆ ಇದ್ದೇನೆಂದೂ ಶುರು ಮಾಡಿದಳು. ವರಾಂಡದಕ್ಕ ಟೀ ಕುಡಿಯುವುದನ್ನೇ ಮರೆತಳು. ನಿಮ್ಮ ಮನೆ ಸೋರುತ್ತದಂತೆ ಎಂದ ಪಕ್ಕದ ಮನೆಯವಳ ಜೊತೆ ವರ್ಷಗಟ್ಟಲೆ ಮಾತು ಬಿಟ್ಟ ಅಜ್ಜಿ ಇವಳೇ. ವಯಸ್ಸಾಯಿತು, ಅರಳುಮರಳು ಎಂದುಕೊಂಡಳು. ದೊಡ್ಡಾಸ್ಪತ್ರೆಯಾಕೆ ಒಮ್ಮೆ ತಲೆ ಎತ್ತಿ ಕೋಣೆಯ ಮಾಡು ನೋಡಿ, ಟೀ ಚೆನ್ನಾಗಿದೆ ಎಂದಷ್ಟೇ ಹೇಳಿದಳು.

ಊರು ಸುತ್ತಲು ಹಾರನ್ನಣ್ಣನ ಆಟೋ ಗೊತ್ತುಮಾಡಿಯಾಗಿತ್ತು. ಅವನ ಆಟೋದ ಹಾರನ್ನು ಕೆಟ್ಟು ಎಷ್ಟೋ ಕಾಲವಾಗಿತ್ತು. ತಲೆ ಹೊರಗೆ ಹಾಕಿ ತಾನೇ ಕೂಗುತ್ತಿದ್ದ, ಹಾಗಾಗಿ ಆ ಹೆಸರು. ಅವನ ಮೊದಲ ಮಗ ವರಾಂಡದಕ್ಕನ ಕೈಯಲ್ಲೇ ಹುಟ್ಟಿದವನು. ಈಗ ಹೆಂಡತಿಗೆ ಮತ್ತೆ ತುಂಬಿದ ತಿಂಗಳು. ಇವನಾದರೂ ನಮ್ಮವನು, ನಾಲ್ಕು ಒಳ್ಳೆ ಮಾತು ಆಡುತ್ತಾನೆ ಎಂದು ವರಾಂಡದಕ್ಕ ಧೈರ್ಯವಾಗಿ ಹತ್ತಿ ಕೂತಳು.

ಧೈರ್ಯ ಮೊದಲ ತಿರುವಿನವರೆಗೂ ಬಾಳಲಿಲ್ಲ. ಹಾರನ್ನಣ್ಣ ಕನ್ನಡಿಯಲ್ಲಿ ಹಿಂದೆ ನೋಡುತ್ತ, ಅಮ್ಮಾವ್ರು ನೀರಿಗೆ ಏನು ವ್ಯವಸ್ಥೆ ಮಾಡ್ಕೊಂಡಿದೀರಿ ಎಂದು ಕೇಳಿದ. ನಲ್ಲಿಯಲ್ಲಿ ವಾರಕ್ಕೊಂದು ಸಲ ಬಂದರೆ ಪುಣ್ಯ ಎಂದ. ಸೊಳ್ಳೆಗಳ ಮಾತೆತ್ತಿ, ಇಲ್ಲಿಯ ಸೊಳ್ಳೆ ಪರದೆಗೆಲ್ಲ ಬಗ್ಗುವುದಿಲ್ಲ, ಪರದೆ ಎತ್ತಿಕೊಂಡೇ ಒಳಗೆ ಬರುತ್ತವೆ ಎಂದ. ವರಾಂಡದಕ್ಕ ಹಿಂದಿನಿಂದ ಅವನ ಸೀಟಿಗೆ ಕಾಲಲ್ಲಿ ಒತ್ತಿದಳು. ಅವನು, ರಸ್ತೆಯೂ ಹೀಗೇ ಎತ್ತಿಹಾಕುತ್ತದೆ ನೋಡಿ ಎಂದ.

ಗಡಿಯಾರದ ಗೋಪುರದ ಮುಂದೆ ಇಳಿದಾಗ ವರಾಂಡದಕ್ಕ ಬಾಯಿಪಾಠ ಒಪ್ಪಿಸಲು ನಿಂತಳು. ಈ ಗೋಪುರದ ಗಂಟೆ ಹೊಡೆದರೆ ಇಡೀ ಊರಿಗೆ ಕೇಳಿಸುತ್ತದೆ, ಅದನ್ನು ಕೇಳಿ ಅಂಗಡಿಯವರು ಬಾಗಿಲು ತೆರೆಯುತ್ತಾರೆ ಎಂದಳು. ದೊಡ್ಡಾಸ್ಪತ್ರೆಯಾಕೆ ಮೇಲೆ ನೋಡಿದಳು. ವರಾಂಡದಕ್ಕನೂ ನೋಡಿದಳು. ಗಡಿಯಾರದ ದೊಡ್ಡ ಮುಳ್ಳೇ ಇರಲಿಲ್ಲ. ಗಂಟೆ ಇರಬೇಕಾದ ಕಮಾನಿನಲ್ಲಿ ಪಾರಿವಾಳಗಳು ಸಂಸಾರ ಹೂಡಿದ್ದವು. ಅಲ್ಲ, ಇಷ್ಟು ವರ್ಷ ಗಂಟೆ ಹೊಡೀತು ಕೇಳಿಸ್ತಾ ಎಂದು ಇವಳು ಕೇಳಿದಾಗ ಒಬ್ಬಳಾದರೂ ತಿದ್ದಬಾರದಿತ್ತೇ? ಆದರೆ ಹೆರುವ ಹೊತ್ತಿನಲ್ಲಿ ಗಡಿಯಾರ ಕೆಟ್ಟಿದೆ ಎಂದು ತಿದ್ದಿ ಕೂರುವವರು ಯಾರು!

ಕೆರೆಯ ದಾರಿಯಲ್ಲಿ ಏನಾದರೂ ಮಾತಾಡಬೇಕಲ್ಲ ಎಂದು ವರಾಂಡದಕ್ಕ ದೊಡ್ಡಾಸ್ಪತ್ರೆಯ ಬಗ್ಗೆ ಕೇಳಿದಳು. ಆಕೆ ಹೊರಗೆ ನೋಡುತ್ತಲೇ ಹೇಳಿದಳು. ಅಲ್ಲಿ ಎಲ್ಲ ಇದೆ, ಲಿಫ್ಟು ಇದೆ, ಹೊಸ ಯಂತ್ರಗಳಿವೆ. ಹೋದ ವರ್ಷ ತನಗೆ ಜ್ವರ ಬಂದು ಬಹಳ ದಿನ ಮಲಗಿದ್ದಳಂತೆ. ಎದ್ದು ಕೆಲಸಕ್ಕೆ ಹೋದಾಗ, ಎಲ್ಲಿ ಹೋಗಿದ್ದೆ ಎಂದು ಒಬ್ಬರೂ ಕೇಳಲಿಲ್ಲವಂತೆ. ನಾನು ಬಂದಿರಲಿಲ್ಲ ಅನ್ನೋದು ಗೊತ್ತಾಗಿದ್ದೇ ನನ್ನೊಬ್ಬಳಿಗೆ ಎಂದು ನಕ್ಕಳು. ವರಾಂಡದಕ್ಕನಿಗೆ ಅಯ್ಯೋ ಅನ್ನಿಸಿತು. ಆದರೆ ಅವಳ ತಲೆಯ ತುಂಬ ಗಂಟೆಯಿಲ್ಲದ ಗೋಪುರವೇ ತುಂಬಿತ್ತು, ಆ ಮಾತು ಆಳಕ್ಕೆ ಇಳಿಯಲಿಲ್ಲ.

ಕೆರೆ ಚೆನ್ನಾಗಿತ್ತು. ಅದೊಂದು ಪುಣ್ಯ. ಏರಿಯ ಮೇಲೆ ಸಾಲಾಗಿ ಮರಗಳು, ನೀರಿನ ಮೇಲೆ ಬೆಳ್ಳಕ್ಕಿಗಳು, ಕಾಲಲ್ಲಿ ತುಳಿದು ನಡೆಸುವ ಬಣ್ಣದ ದೋಣಿಗಳು. ಡ್ರಮ್ಮಿನ ಕೆರೆಗಿಂತ ಎಷ್ಟೋ ಅಗಲ. ನೋಡುತ್ತಿದ್ದಂತೆ ವರಾಂಡದಕ್ಕನ ಮನಸ್ಸು ತಂಪಾಯಿತು, ಇಲ್ಲಿಗೆ ಪುಟ್ಟಿಯನ್ನು ಒಂದು ದಿನವೂ ಕರೆತರಲಿಲ್ಲವಲ್ಲ ಎಂದುಕೊಂಡಳು. ದೊಡ್ಡಾಸ್ಪತ್ರೆಯಾಕೆ ಕೂಡ ಮೊದಲ ಸಲ ಮುಖ ಸಡಿಲಿಸಿ, ದೋಣಿ ಹತ್ತೋಣವೇ ಎಂದಳು.

ಆಗ ದೋಣಿಯವನು ತಲೆ ಕೆರೆದುಕೊಂಡು, ಹತ್ತಬಹುದು, ಆದರೆ ಮೊಸಳೆ ಇದೆ ಎಂದ.

ಆ ಕೆರೆಯಲ್ಲಿ ಆಮೆ ಇದ್ದರೆ ಹೆಚ್ಚು. ಆದರೆ ದೊಡ್ಡಾಸ್ಪತ್ರೆಯಾಕೆ ಬೆಚ್ಚಲಿಲ್ಲ. ಎಷ್ಟು ದೊಡ್ಡದು ಎಂದು ಶಾಂತವಾಗಿ ಕೇಳಿದಳು. ದೋಣಿಯವನು ಕೈ ಅಗಲಿಸಿ ಇಷ್ಟು ಎಂದು ತೋರಿಸಿ, ಸಾಕೇ ಎನ್ನುವಂತೆ ಹಾರನ್ನಣ್ಣನ ಕಡೆ ನೋಡಿದ. ಹಾರನ್ನಣ್ಣ ಏರಿಯ ಮೇಲಿಂದ ಇನ್ನೂ ಅಗಲವಾಗಿ ಕೈ ಚಾಚಿ ತೋರಿಸಿದ. ದೋಣಿಯವನು ತನ್ನ ಕೈಯನ್ನೂ ಅಷ್ಟೇ ಅಗಲಿಸಿದ.

ವರಾಂಡದಕ್ಕನಿಗೆ ಆಗ ಹೊಳೆಯಿತು. ಅಜ್ಜಿಯ ಇಲಿ, ಇವನ ಸೊಳ್ಳೆ, ಅವನ ಮೊಸಳೆ, ಎಲ್ಲ ಒಂದೇ ಸುಳ್ಳಿನ ಮರಿಗಳು. ಮೈ ಉರಿದುಹೋಯಿತು. ಒಂದು ನಿಮಿಷ ಬರ್ತೀನಿ ಎಂದು ಹಾರನ್ನಣ್ಣನನ್ನು ಟಿಕೆಟ್ಟಿನ ಗೂಡಿನ ಹಿಂದಕ್ಕೆ ಕರೆದೊಯ್ದಳು.

ಏನಿದೆಲ್ಲ ಎಂದು ಕೇಳಿದರೆ ಅವನು ನೆಲ ನೋಡಿದ. ಆಮೇಲೆ ಒಂದೊಂದೇ ಹೊರಬಂತು. ಅಜ್ಜಿಯ ಮನೆಯ ಕಟ್ಟೆಯ ಮೇಲೆ ನಾಲ್ಕು ಜನ ಸೇರಿ ಯಾರು ಏನು ಹೇಳಬೇಕೆಂದು ಹಂಚಿಕೊಂಡಿದ್ದರಂತೆ. ಊರು ಚೆನ್ನಾಗಿಲ್ಲ ಎಂದರೆ ಬಂದಾಕೆ ಹಿಂದಕ್ಕೆ ಹೋಗುತ್ತಾಳೆ, ಆಕೆ ಹೋದರೆ ಅಕ್ಕ ಉಳಿಯುತ್ತಾಳೆ, ಇಷ್ಟೇ ಲೆಕ್ಕ. ಹೆಂಡತಿ ಮೂರು ದಿನದಿಂದ ಒಂದೇ ಸಮ, ಅಕ್ಕ ಇಲ್ದಿದ್ರೆ ನಾನು ಆಸ್ಪತ್ರೆಗೇ ಹೋಗಲ್ಲ ಎಂದು ಅಳುತ್ತಿದ್ದಾಳಂತೆ.

“ನಿಮ್ಮನ್ನ ಬಿಟ್ಕೊಡೋಕೆ ಮನಸ್ಸು ಬರಲಿಲ್ಲ ಅಕ್ಕ. ತಪ್ಪಾಯ್ತು.”

ವರಾಂಡದಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ಪ್ರೀತಿ ಇದೆಯೆಂದು ಗೊತ್ತಿರಲಿಲ್ಲ. ಗೊತ್ತಾದ ಗಳಿಗೆಯಲ್ಲೇ ಅದು ಕೊರಳಿಗೆ ಉರುಳಾಗಿ ಕೂತಿತ್ತು.

“ನಿನ್ನ ಮಗನಿಗೆ ರಾತ್ರಿ ಕನಸು ಬಿದ್ರೆ ಯಾರನ್ನ ಕರೀತಾನೆ? ಅವನ ಅಮ್ಮನ್ನ ತಾನೇ? ನನ್ನ ಮಗಳು ಕರೆದ್ರೆ ನಾನು ಅಲ್ಲಿಲ್ಲ. ನನ್ನ ನೋಡಿದ್ರೆ ಎಷ್ಟು ದಿನ ಇರ್ತೀಯ ಅಂತಾಳೆ. ನೆಂಟರನ್ನ ಕೇಳೋ ಹಾಗೆ.”

ಹಾರನ್ನಣ್ಣನ ಮುಖ ಸಪ್ಪಗಾಯಿತು. ಅವಳಿಗೊಬ್ಬ ಮಗಳಿದ್ದಾಳೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಅದನ್ನು ಯೋಚಿಸುವುದು ಬೇರೆ. ಅವನು ಕಣ್ಣೊರೆಸಿಕೊಂಡು, ನಾನೇ ಸರಿಮಾಡ್ತೀನಿ, ಬನ್ನಿ ಎಂದ. ಮಾಡಿದ್ದನ್ನು ಬಿಡಿಸಲು ಹೋಗಿ ಇನ್ನಷ್ಟು ಗಂಟು ಹಾಕುವವರಿರುತ್ತಾರಲ್ಲ, ಅವನು ಆ ಜಾತಿ. ಗುಡ್ಡದ ದಾರಿಯುದ್ದಕ್ಕೂ ಊರನ್ನು ಹೊಗಳಿದ. ನೀರು ವಾರಕ್ಕೊಮ್ಮೆ ಬಂದರೂ ಬಂದಾಗ ಬೇಡ ಬೇಡವೆಂದರೂ ನಿಲ್ಲುವುದಿಲ್ಲ ಎಂದ. ಸೊಳ್ಳೆಗಳು ಗಾತ್ರದಲ್ಲಿ ದೊಡ್ಡವಾದರೂ ಸ್ವಭಾವ ಒಳ್ಳೆಯದು ಎಂದ. ಕೊನೆಗೆ, ಮೊಸಳೆ ಸುಳ್ಳು ಅಮ್ಮಾವ್ರೆ, ಇದ್ದರೂ ಸಣ್ಣದು ಎಂದ. ವರಾಂಡದಕ್ಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಗುಡ್ಡದ ಮೆಟ್ಟಿಲು ಹತ್ತಿ, ಕಂಬಿ ಹಿಡಿದು ಇಬ್ಬರೂ ತುದಿಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಇದೇ ಊರಿನ ದೊಡ್ಡ ಹೆಮ್ಮೆ, ಸೂರ್ಯ ಮುಳುಗುವುದನ್ನು ನೋಡುವ ಜಾಗ. ಬೆಂಚುಗಳಿದ್ದವು, ಫಲಕವಿತ್ತು. ವರಾಂಡದಕ್ಕ ಕೊನೆಯ ಆಸೆಯನ್ನು ಇದರ ಮೇಲೆ ಇಟ್ಟಿದ್ದಳು. ಎಷ್ಟೋ ಹೆಂಗಸರಿಗೆ ಕಿಟಕಿಯ ಹತ್ತಿರ ನಿಲ್ಲಿಸಿ ಹೇಳಿದ ಮಾತನ್ನೇ ಮತ್ತೆ ಹೇಳಿದಳು. ನೋಡಿ, ಈಗ ಸೂರ್ಯ ಕೆಂಪಗಾಗಿ ನೇರ ಕೆರೆಯೊಳಗೆ ಇಳಿಯುತ್ತಾನೆ, ನೀರೆಲ್ಲ ಬಂಗಾರವಾಗುತ್ತದೆ ಎಂದಳು.

ಸೂರ್ಯ ಕೆಂಪಗಾದ. ಆಮೇಲೆ ಮೆಲ್ಲಗೆ ಇಳಿದು, ಊರಿಗೆ ನೀರು ಕೊಡುವ ದೊಡ್ಡ ಟ್ಯಾಂಕಿನ ಹಿಂದೆ ಮರೆಯಾದ. ಟ್ಯಾಂಕು ಗುಡ್ಡಕ್ಕೂ ಕೆರೆಗೂ ಸರಿಯಾಗಿ ನಡುವೆ, ಕಂಬಗಳ ಮೇಲೆ ಗಡಿಗೆ ಇಟ್ಟಂತೆ ನಿಂತಿತ್ತು. ಹೊಸದೇನಲ್ಲ, ಬಣ್ಣ ಮಾಸಿತ್ತು. ಇವಳಿಗೆ ಬಂಗಾರದ ಕಥೆ ಹೇಳಿದ ಮುದುಕಿ ಟ್ಯಾಂಕು ಕಟ್ಟುವ ಮುಂಚೆ ನೋಡಿದ್ದಿರಬೇಕು. ಕೆರೆಯ ಒಂದು ತುಂಡೂ ಕಾಣಿಸಲಿಲ್ಲ.

ಸ್ವಲ್ಪ ಹೊತ್ತು ಇಬ್ಬರೂ ಟ್ಯಾಂಕು ನೋಡಿದರು.

“ಇಲ್ಲಿಗೆ ನೀವು ಬರ್ತಿರೋದು ಇದೇ ಮೊದಲು, ಅಲ್ವಾ?” ಎಂದಳು ದೊಡ್ಡಾಸ್ಪತ್ರೆಯಾಕೆ.

ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ವರಾಂಡದಕ್ಕ ಬೆಂಚಿನ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಹೌದು, ಮೊದಲ ಸಲ. ಗೋಪುರವೂ ಮೊದಲ ಸಲ, ಕೆರೆಯೂ ಮೊದಲ ಸಲ. ರಜೆಯೆಲ್ಲ ಮಗಳ ದಾರಿಗೇ ಹೋಯಿತು. ನಿಮಗೆ ಮೋಸ ಮಾಡಬೇಕೆಂದಲ್ಲ, ಈ ಊರು ಚೆನ್ನಾಗಿದೆ ಎಂದು ನಾನು ನಿಜವಾಗಿ ನಂಬಿದ್ದೆ ಎಂದಳು. ಪುಟ್ಟಿಯ ಪ್ರಶ್ನೆ ಮುಂದಿನ ತಿಂಗಳೂ ಬರುತ್ತದೆ, ಅದರ ಮುಂದಿನ ತಿಂಗಳೂ ಬರುತ್ತದೆ, ಒಂದು ದಿನ ಆ ಮಗು ಕೇಳುವುದನ್ನೇ ಬಿಟ್ಟುಬಿಡುತ್ತದೆ ಎಂಬ ಹೆದರಿಕೆಯನ್ನು ಮಾತ್ರ ಅವಳು ಬಾಯಿಬಿಟ್ಟು ಹೇಳಲಿಲ್ಲ. ದೊಡ್ಡಾಸ್ಪತ್ರೆಯಾಕೆ ಸೆರಗಿನ ತುದಿಯಿಂದ ಕನ್ನಡಕ ಒರೆಸಿಕೊಂಡು, ಬಸ್ಸಿಗೆ ಹೊತ್ತಾಗುತ್ತದೇನೋ ಎಂದಳು.

ಕೆಲಸ ಕೆಟ್ಟಿತು ಎಂದು ವರಾಂಡದಕ್ಕ ಮೆಟ್ಟಿಲಿಳಿದಳು. ಕೆಳಗೆ ಹಾರನ್ನಣ್ಣ ಆಟೋದ ಸುತ್ತ ಸುತ್ತುತ್ತಿದ್ದ, ಕೈಯಲ್ಲಿ ಫೋನು. ಹೆಂಡತಿಗೆ ನೋವು ಬಂದು ನಾದಿನಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾಳೆ, ಹೆಂಡತಿ ಮಾತ್ರ ಅಕ್ಕ ಬರುವವರೆಗೂ ಮಂಚ ಹತ್ತುವುದಿಲ್ಲ ಎಂದು ಬಾಗಿಲಲ್ಲೇ ಕೂತಿದ್ದಾಳೆ. ನಿಮ್ಮನ್ನು ಮೊದಲು ಬಸ್ಸಿಗೆ ಬಿಟ್ಟು ಹೋಗುತ್ತೇನೆ ಅಮ್ಮಾವ್ರೆ ಎಂದು ತೊದಲಿದ.

“ಬಸ್ಸು ಇನ್ನೊಂದು ಬರುತ್ತೆ. ಆಸ್ಪತ್ರೆಗೆ ನಡಿ,” ಎಂದಳು ದೊಡ್ಡಾಸ್ಪತ್ರೆಯಾಕೆ. ಆ ಸ್ವರ ಕೇಳಿದರೆ ಯಾರೂ ಎದುರಾಡುವಂತಿರಲಿಲ್ಲ.

ವರಾಂಡದಲ್ಲಿ ಆಗಷ್ಟೇ ದೀಪ ಹಾಕಿದ್ದರು. ಆ ಹೊತ್ತಿನ ನರ್ಸು ಹಾರನ್ನಣ್ಣನ ಹೆಂಡತಿಯನ್ನು ಪರೀಕ್ಷಿಸಿ, ಮಗುವಿನ ಎದೆಬಡಿತ ಚೆನ್ನಾಗಿದೆ, ಇನ್ನೂ ಸಮಯವಿದೆ, ನಡೆದಾಡಲಿ ಎಂದಳು. ಬಸುರಿ ವರಾಂಡದಕ್ಕನನ್ನು ಕಂಡದ್ದೇ ಎರಡೂ ಕೈ ಚಾಚಿದಳು, ಕೆರೆಗೆ ಕರ್ಕೊಂಡು ಹೋಗಿ ಅಕ್ಕ ಎಂದಳು. ವರಾಂಡದಕ್ಕ ಒಂದು ಮೊಣಕೈಗೆ ಕೈ ಕೊಟ್ಟಳು. ಇನ್ನೊಂದು ಮೊಣಕೈಗೆ ಯಾರೂ ಹೇಳದೆಯೇ ದೊಡ್ಡಾಸ್ಪತ್ರೆಯಾಕೆ ಕೈ ಕೊಟ್ಟಳು.

ಮೂವರೂ ನಡೆದರು. ಗೋಡೆಗಡಿಯಾರದ ಕೆಳಗೆ ಬಂದಾಗ ವರಾಂಡದಕ್ಕ, ಇದು ಗೋಪುರ, ಇವತ್ತು ನೋಡ್ಕೊಂಡು ಬಂದೆ, ಗಂಟೆ ಹೊಡೆಯಲ್ಲ, ಮುಳ್ಳೂ ಇಲ್ಲ, ಹಾಗಾಗಿ ನಮಗೂ ಅವಸರ ಇಲ್ಲ ಎಂದಳು. ಬಸುರಿ ಹುಡುಗಿ, ನನಗೆ ಮೊದಲಿಂದ್ಲೂ ಗೊತ್ತಿತ್ತು ಎಂದಳು. ಇಳಿಜಾರಿನ ಬುಡದಲ್ಲಿ ನೋವು ಬಂತು. ಕಂಬಿ ಹಿಡ್ಕೋ, ಬಾಯಲ್ಲಿ ಉಸಿರು ಬಿಡು ಎಂದು ಇವಳು ಹೇಳುವಾಗ ದೊಡ್ಡಾಸ್ಪತ್ರೆಯಾಕೆಯ ಅಂಗೈ ಆಗಲೇ ಸೊಂಟದ ಸರಿಯಾದ ಜಾಗದಲ್ಲಿ ಒತ್ತುತ್ತಿತ್ತು. ನೋವು ಏರಿತು, ನಿಂತಿತು, ಇಳಿಯಿತು. ಹತ್ತಿಯಾಯ್ತು ಎಂದಳು ವರಾಂಡದಕ್ಕ. ಕಿಟಕಿಯ ಹತ್ತಿರ ಬಂದು, ಇಲ್ಲಿ ಸೂರ್ಯ ಮುಳುಗ್ತಾನೆ, ಮಧ್ಯೆ ಒಂದು ಟ್ಯಾಂಕು ಇದೆ, ಅದನ್ನ ಕ್ಷಮಿಸ್ಬೇಕು ಎಂದಳು.

ತಿರುಗಿ ನೀರಿನ ಡ್ರಮ್ಮಿನ ಹತ್ತಿರ ಬಂದಾಗ ದೊಡ್ಡಾಸ್ಪತ್ರೆಯಾಕೆ ಬಸುರಿಯನ್ನು ಮೆಲ್ಲಗೆ ಪಕ್ಕಕ್ಕೆ ಎಳೆದು, ಹುಷಾರು, ಇಲ್ಲಿ ಮೊಸಳೆ ಇದೆ ಎಂದಳು.

ಹುಡುಗಿ ಒಂದು ಗಳಿಗೆ ಬೆರಗಾಗಿ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುತ್ತಲೇ ಅತ್ತಳು.

“ಅದನ್ನ ಹೇಳ್ಕೊಟ್ಟಿದ್ದು ನಾನೇ ಅಮ್ಮ. ಹಾವು ಅಂತ ಹೇಳಿ ಅಂದಿದ್ರು ಅಜ್ಜಿ, ಹಾವಿಗೆ ಯಾರು ಹೆದರ್ತಾರೆ ಅಂದೆ.”

ನೋವುಗಳು ಹತ್ತಿರ ಹತ್ತಿರವಾದ ಮೇಲೆ ಹುಡುಗಿಯನ್ನು ಒಳಗೆ ಕರೆದೊಯ್ದರು. ವರಾಂಡದಕ್ಕನೂ ಕೈ ತೊಳೆದು ಒಳಗೆ ಹೋಗಬೇಕು. ಬಾಗಿಲಲ್ಲಿ ದೊಡ್ಡಾಸ್ಪತ್ರೆಯಾಕೆ ಅವಳನ್ನು ತಡೆದು, ಆ ಕಾಗದ ಎಲ್ಲಿದೆ ಎಂದಳು. ಚೀಲದಲ್ಲಿ ಬೆಳಿಗ್ಗೆಯಿಂದ ಮಡಚಿ ಇಟ್ಟುಕೊಂಡಿದ್ದ ಒಪ್ಪಿಗೆಯ ಕಾಗದ. ವರಾಂಡದಕ್ಕ ನಂಬಲಾರದೆ ತೆಗೆದುಕೊಟ್ಟಳು. ಆಕೆ ಡ್ರಮ್ಮಿನ ಮುಚ್ಚಳದ ಮೇಲೆ ಅದನ್ನು ಹರಡಿ ರುಜು ಹಾಕಿದಳು.

ಊರು ಇಷ್ಟವಾಗಲಿಲ್ಲವಲ್ಲ ಎಂದು ವರಾಂಡದಕ್ಕ ಕೇಳಿದಳು.

“ಬೆಳಿಗ್ಗೆ ನಿಮ್ಮಜ್ಜಿ ಮನೆ ಸೋರುತ್ತೆ ಅಂದಾಗ ಮಾಡು ನೋಡಿದೆ. ಒಂದು ಕಲೆ ಇಲ್ಲ. ಆಗಲೇ ಗೊತ್ತಾಯ್ತು,” ಎಂದಳು ಆಕೆ ಪೆನ್ನಿನ ಮುಚ್ಚಳ ಹಾಕುತ್ತ. “ಒಬ್ಬ ನರ್ಸನ್ನ ಉಳಿಸ್ಕೊಳ್ಳೋಕೆ ಇಡೀ ಊರು ಕೂತು ಸುಳ್ಳು ಹಂಚ್ಕೊಂಡಿದೆ. ನಾನು ಜ್ವರ ಬಂದು ಮಲಗಿದ್ರೆ ಇಲ್ಲಿ ಯಾರಾದ್ರೂ ಬಾಗಿಲು ತಟ್ಟುತ್ತಾರೆ. ನನಗೆ ಬೇರೆ ಏನೂ ನೋಡ್ಬೇಕಾಗಿಲ್ಲ.”

ಆಕೆ ಹೊರಗೆ ಬೆಂಚಿನ ಮೇಲೆ ಹಾರನ್ನಣ್ಣನ ಪಕ್ಕ ಕೂತು ಆಮೇಲಿನ ಬಸ್ಸನ್ನೂ ಬಿಟ್ಟಳು. ಹೆಣ್ಣು ಮಗು ಹುಟ್ಟಿತು. ಅಳುವುದನ್ನು ಕೇಳಿ ಹಾರನ್ನಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿ ರಸ್ತೆಯವರಿಗೆಲ್ಲ ಕೂಗಿ ಹೇಳಿದ.

ಬದಲಿಯ ಆದೇಶ ಬರುವವರೆಗೂ ಊರು ಮುನಿಸಿಕೊಂಡಿತ್ತು. ಅಜ್ಜಿ ಕೆಲವು ದಿನ ಮಾತೇ ಬಿಟ್ಟಳು. ಆಮೇಲೆ ತಾನಾಗಿ ಕೋಣೆಗೆ ಬಂದು, ಹೊಸಬಳಿಗೆ ಇಲಿ ಇಲ್ಲ ಅಂತ ಹೇಳಿಬಿಡು, ಪಾಪ ಹೆದರಿಕೊಂಡಾಳು ಎಂದಳು. ವರಾಂಡದಕ್ಕ ಅವಳನ್ನು ತಬ್ಬಿಕೊಂಡು ಅತ್ತಳು. ಕೆರೆಗೆ ಇನ್ನೊಂದು ಸಲ ಒಬ್ಬಳೇ ಹೋಗಿ ದೋಣಿ ಹತ್ತಿ ಬಂದಳು. ಇಷ್ಟು ಒಳ್ಳೆಯ ಊರನ್ನು ಬಿಡುವ ಹೊತ್ತಿನಲ್ಲಿ ನೋಡಿದೆನಲ್ಲ ಎಂದು ಸಂಕಟವಾಯಿತು. ಆದರೂ ಚೀಲ ಕಟ್ಟುವ ಕೈ ನಿಲ್ಲಲಿಲ್ಲ.

ಆದೇಶ ಬಂದ ಸಂಜೆ ಮನೆಗೆ ಫೋನು ಮಾಡಿದಳು. ಗಂಡನಿಗೆ ಹೇಳಿ, ಅತ್ತೆಗೆ ಹೇಳಿ, ಕೊನೆಗೆ ಪುಟ್ಟಿಯನ್ನು ಕರೆಸಿದಳು. ಭಾನುವಾರ ಬರ್ತಿದೀನಿ ಎಂದಳು.

“ಎಷ್ಟು ದಿನ ಇರ್ತೀಯ?”

ಉತ್ತರ ಗೊತ್ತಿತ್ತು. ಆದರೂ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡೇ ಹೇಳಿದಳು.

“ಈ ಸಲ ಎಣಿಸ್ಬೇಡ ಪುಟ್ಟಿ. ಅಮ್ಮ ವಾಪಸ್ ಹೋಗಲ್ಲ.”

ಆ ಕಡೆ ಮಗು ಏನೋ ದೊಡ್ಡದನ್ನು ಯೋಚಿಸಿ ಮುಗಿಸಿದ ಮೇಲೆ ಕೇಳಿತು:

“ಹಾಗಾದ್ರೆ ಎಲ್ಲಾನೂ ಒಂದೇ ದಿನ ತೋರಿಸ್ಬೇಕಾಗಿಲ್ವಾ?”